ಆಯಿಯ ಜ್ವರ, ಬೆಕ್ಕಿನ ಸೀನು

ದಸರೆ ಬಂತೆಂದರೆ ನನ್ನ ಕ್ಲಿನಿಕ್ಕು ಬೆಕ್ಕುಗಳ ಧರ್ಮಶಾಲೆಯಾಗುತ್ತದೆ. ಊರಿಗೆ, ದೇವರಿಗೆ, ಬೀಗರ ಮನೆಗೆ ಹೊರಟವರೆಲ್ಲ "ಹಬ್ಬ ಮುಗಿಯೂತನಾ ಇಟ್ಕೊಳ್ರಿ ಮೇಡಂ, ಭಾಳ ಶಾಣೆ ಐತಿ" ಎಂದು ಬುಟ್ಟಿ ಇಳಿಸಿ ಹೋಗುತ್ತಾರೆ. ಇಷ್ಟು ವರ್ಷಗಳಲ್ಲಿ ಶಾಣೆ ಬೆಕ್ಕನ್ನು ನಾನಿನ್ನೂ ಕಂಡಿಲ್ಲ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡ ಎರಡು ಕೋಣೆ ಮತ್ತು ಒಂದು ಬಚ್ಚಲುಮನೆ, ಇಷ್ಟೇ ನನ್ನ ಸಂಸ್ಥಾನ. ಮುಂದಿನ ಕೋಣೆಯಲ್ಲಿ ತಪಾಸಣೆ, ಹಿಂದಿನ ಕೋಣೆಯಲ್ಲಿ ಪಂಜರಗಳು. ರೈಲು ಕೂಗಿದಾಗಲೆಲ್ಲ ಪಂಜರದೊಳಗಿನ ಶಾಣೆಗಳು ಒಟ್ಟಿಗೆ ಕೂಗುತ್ತವೆ.

ಆ ದಸರೆಯಲ್ಲಿ ನಾನು ಒಬ್ಬಳೇ ಇದ್ದೆ. ನನ್ನ ಕಂಪೌಂಡರ್ ಮನೆಮಂದಿಯನ್ನೆಲ್ಲ ಕರೆದುಕೊಂಡು ನಾಗಪುರಕ್ಕೆ, ಅಂಬೇಡ್ಕರರ ದೀಕ್ಷಾಭೂಮಿಗೆ ಹೋಗಿದ್ದ. ಪ್ರತಿ ದಸರೆಗೂ ಹೋಗುವವನೇ. ಬೇಡ ಎನ್ನುವ ಮನಸ್ಸು ನನಗೂ ಇಲ್ಲ. ಪಂಜರಗಳೆಲ್ಲ ತುಂಬಿದ್ದವು, ಎಲ್ಲವೂ ಪರರ ಬೆಕ್ಕುಗಳು, ಅವುಗಳ ಯಜಮಾನರು ಯಾರೂ ಊರಲ್ಲಿರಲಿಲ್ಲ. ಉಣಿಸುವುದು, ತೊಳೆಯುವುದು, ಬೈಯುವುದು ಎಲ್ಲ ನನ್ನ ಪಾಲಿಗೇ ಬಂದಿತ್ತು.

ಅಂಥ ಹೊತ್ತಿನಲ್ಲಿ ಅವನು ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು, ಹೆಗಲ ಮೇಲೆ ಟವೆಲ್, ಕೈಯಲ್ಲಿ ಬಾಯಿ ಕಟ್ಟಿದ ಗೋಣಿಚೀಲ. ಚೀಲ ಅಲುಗಾಡುತ್ತಿತ್ತು.

"ಏನೈತ್ರಿ ಚೀಲದಾಗ?"

"ಬೆಕ್ಕು ಐತ್ರಿ. ನಮ್ಮವ್ವಂದು."

ಅವನ ಮನೆ ಬಬಲೇಶ್ವರದಲ್ಲಿ, ದ್ರಾಕ್ಷಿ ತೋಟ ತಿಕೋಟಾದ ಆಚೆ ಬಿಜ್ಜರಗಿಯಲ್ಲಿ. ಬಳ್ಳಿ ಸವರುವ ಚಾಟ್ನಿ ಕೆಲಸ ನಡೆದಿತ್ತು, ಆಳುಗಳನ್ನು ತೋಟದಲ್ಲಿ ಬಿಟ್ಟು ಬಂದಿದ್ದ. ನಿಂತಲ್ಲೇ ಎಲ್ಲ ಒದರಿದ. ತಾಯಿಗೆ ಜ್ವರ ಬಂದಿದೆ. ದವಾಖಾನೆಯಲ್ಲಿ ಫ್ಲೂ ಎಂದಿದ್ದಾರೆ. ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಹಸಿಗೂಸು ಇದೆ. ಅದಕ್ಕೇ ತಾಯಿಯನ್ನು ಹಿತ್ತಲ ಕಡೆಯ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದ್ದಾರೆ.

"ಈ ಬೆಕ್ಕಿನಿಂದನ ಬಂದೈತ್ರಿ ಎಲ್ಲಾ. ದಿನಾ ಕೌದ್ಯಾಗ ಕರಕೊಂಡು ಮಲಗ್ತಿದ್ಲು. ನಾ ಇದನ್ನ ಡೋಣಿ ಹೊಳಿ ದಾಟಿಸಿ ಬಿಟ್ಟು ಬರಾವ ಇದ್ದೆ. ಅವ್ವ ಕಿಟಕಿ ಸಳಿ ಹಿಡಕೊಂಡು ಓಣಿಗೆಲ್ಲಾ ಕೇಳೂಹಂಗ ಒದರ್ಯಾಡಿದ್ಲು. ಹಿಂಗಾಗಿ ನಿಮ್ಮ ಕಡೆ ತಂದೇನಿ."

ನಮ್ಮ ಕಡೆ ಬೇಡವಾದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಹೊಳೆಯ ಆಚೆ ಬಿಟ್ಟು ಬರುತ್ತಾರೆ. ವಾಸನೆ ಹಿಡಿದು ವಾಪಸು ಬರಬಾರದೆಂದು ನೀರು ದಾಟಿಸುವುದು. ಬಿಟ್ಟವರು ಮರೆಯುತ್ತಾರೆ. ಬೆಕ್ಕು ಏನು ಮಾಡುತ್ತದೆಂದು ಯಾರೂ ಕೇಳುವುದಿಲ್ಲ.

ಕದ ಹಾಕಿ ಮೇಜಿನ ಮೇಲೆ ಚೀಲ ಬಿಚ್ಚಿದೆ. ಬೂದು ಬಣ್ಣದ ಮುದಿ ಹೆಣ್ಣು ಬೆಕ್ಕು. ಹೊರಬರಲಿಲ್ಲ, ಚೀಲದ ಬಾಯಲ್ಲೇ ಕೂತು ಸೀನಿತು. ಮತ್ತೆ ಸೀನಿತು. ಮೂಗಿನಿಂದ ತೆಳು ನೀರು, ಮೈ ಬಿಸಿ, ಪಕ್ಕೆಗಳು ಬೇಗ ಬೇಗ ಏರಿಳಿಯುತ್ತಿದ್ದವು. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಒಳಗೆ ಗರಗರ ಸದ್ದು.

"ಮನಷ್ಯಾರ ಜ್ವರದ ಗುಳಿಗಿ ಏನಾರ ಕೊಟ್ಟೀರೇನ್ರಿ ಇದಕ್ಕ?" ಇದು ಯಾವಾಗಲೂ ನನ್ನ ಮೊದಲ ಪ್ರಶ್ನೆ. ನಮಗೆ ಹಿತವಾಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗೆಯೂ ಜೀವ ತೆಗೆಯಬಲ್ಲದು.

"ಇಲ್ರಿ, ಅವ್ವಗ ತಂದಿದ್ದನ್ನ ಇದಕ್ಯಾಕ ಕೊಡೂನ್ರಿ?"

ತುಟಿ ಎತ್ತಿ ನೋಡಿದೆ. ವಸಡು ಗುಲಾಬಿ ಬಣ್ಣದಲ್ಲೇ ಇತ್ತು, ಕಂದುಬಣ್ಣಕ್ಕೆ ತಿರುಗಿರಲಿಲ್ಲ. ಆ ಒಂದು ಭಯ ಹೋಯಿತು. ಬೆಕ್ಕುಗಳಿಗೆ ಅವುಗಳದೇ ನೆಗಡಿಯ ವೈರಸ್ಸುಗಳಿವೆ. ಅವು ಬಂದರೆ ಸಾಮಾನ್ಯವಾಗಿ ನಾಲಿಗೆ ಮೇಲೆ ಹುಣ್ಣಾಗುತ್ತದೆ, ಕಣ್ಣಿಗೆ ಪಿಸುರು ಕಟ್ಟುತ್ತದೆ. ಇದರ ಬಾಯಲ್ಲಿ ಹುಣ್ಣಿರಲಿಲ್ಲ. ಹಲ್ಲೂ ಇರಲಿಲ್ಲ, ಮುದಿತನಕ್ಕೆ ಎಲ್ಲ ಉದುರಿ ಹೋಗಿದ್ದವು. ಕಣ್ಣು ನಿಚ್ಚಳವಾಗಿತ್ತು.

"ಯಾರಿಗೆ ಮೊದಲ ಬಂತ್ರಿ? ನಿಮ್ಮವ್ವಗೋ, ಬೆಕ್ಕಿಗೋ?"

"ಅವ್ವಗ ಮೊದಲ್ರಿ. ಇದು ಸೀನಾಕತ್ತಿದ್ದು ಆಮ್ಯಾಲ."

"ಹಂಗಾರ ಬೆಕ್ಕು ಹೆಂಗ ತಂದೀತು? ನಿಮ್ಮವ್ವನಿಂದನ ಇದಕ್ಕ ಬಂದಿರಬೇಕು. ಮನಷ್ಯಾರ ಫ್ಲೂ ಬೆಕ್ಕಿಗೂ ಹತ್ತತೈತ್ರಿ."

ಅವನ ಮುಖ ಗಂಟಾಯಿತು. "ಅಲ್ರಿ, ನಮ್ಮವ್ವ ಬೆಕ್ಕಿಗೆ ಬ್ಯಾನಿ ಹಚ್ಯಾಳ ಅಂತೀರೇನು?" ಎಂದ. ಬೆಕ್ಕು ತಾಯಿಗೆ ರೋಗ ತಂದರೆ ಅದು ಬೆಕ್ಕಿನ ಪಾಪ, ತಾಯಿ ಬೆಕ್ಕಿಗೆ ತಂದರೆ ಅದು ಮನೆತನಕ್ಕೆ ಅವಮಾನ, ಅವನ ಲೆಕ್ಕ ಹಾಗಿತ್ತು. ನನ್ನ ನಾಲಿಗೆಯೂ ಸುಮ್ಮನಿರುವಂಥದ್ದಲ್ಲ, "ಹೌದ್ರಿ, ಹಚ್ಯಾಳ" ಎಂದೆ. ಅವನು ನನ್ನ ಮುಖದೆದುರೇ ಕೆಮ್ಮಿ, ಟವೆಲಿನಿಂದ ಬಾಯೊರೆಸಿಕೊಂಡು, "ಆರಾಮಾದ್ರ ನೋಡೂನ್ರಿ. ಆಗಲಿಲ್ಲಂದ್ರ ಒಂದು ಸೂಜಿ ಮಾಡಿ ಮುಗಿಸಿಬಿಡ್ರಿ" ಎಂದು ಹೊರಟುಹೋದ.

ಅದನ್ನು ಎಲ್ಲಿ ಇಡುವುದು? ಪಂಜರಗಳ ಕೋಣೆಗೆ ತರುವಂತಿಲ್ಲ, ಅಲ್ಲಿರುವುದೆಲ್ಲ ಪರರ ಸ್ವತ್ತು. ಮುಂದಿನ ಕೋಣೆಗೆ ದಿನವಿಡೀ ನಾಯಿ ಬೆಕ್ಕು ಬರುತ್ತವೆ. ಉಳಿದದ್ದು ಬಚ್ಚಲುಮನೆ. ಬಕೆಟ್ಟು ತಂಬಿಗೆ ಹೊರಗೆ ಹಾಕಿ, ನೆಲ ಒರೆಸಿ, ಮೂಲೆಯಲ್ಲಿ ಹಳೆಯ ಕಂಬಳಿ ಹಾಸಿ, ಉಸುಕಿನ ತಟ್ಟೆ ಇಟ್ಟೆ. ಬಾಗಿಲ ಮೊಳೆಗೆ ಬೇರೆ ಏಪ್ರನ್, ಹೊಸ್ತಿಲಲ್ಲಿ ಬೇರೆ ಚಪ್ಪಲಿ, ಬ್ಲೀಚಿಂಗ್ ನೀರಿನ ಬೋಗುಣಿ. ಮೊದಲು ಆರೋಗ್ಯವಾಗಿರುವ ಬೆಕ್ಕುಗಳ ಕೆಲಸ ಮುಗಿಸಿ ಕೊನೆಗೆ ಇದರ ಕಡೆ ಬರುವುದು, ಬಂದ ಮೇಲೆ ಕೈಕಾಲು ತೊಳೆದು ಬಟ್ಟೆ ಬದಲಿಸದೆ ಅತ್ತ ಹೋಗಬಾರದು ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ. ಈ ವ್ಯವಸ್ಥೆಯಲ್ಲಿ ಒಂದೇ ಕೊರತೆ, ನನಗೇ ಬಚ್ಚಲಿಲ್ಲ. ಪ್ರತಿ ಸಲವೂ ಗಿರಣಿಗೆ ಹೋಗಿ, ಗಿರಣಿ ನಡೆಸುವ ಅಕ್ಕನ ಎದುರು ಹಲ್ಲುಕಿರಿದು ನಿಲ್ಲಬೇಕಾಯಿತು.

ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಮೂಗಿನ ದ್ರವವನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ಕಳಿಸಬೇಕು, ಅಲ್ಲಿಯೂ ಹಬ್ಬದ ರಜೆ. ಊರಿನ ಒಂದು ಲ್ಯಾಬಿಗೆ ಫೋನ್ ಮಾಡಿ ಫ್ಲೂ ಪರೀಕ್ಷೆ ಮಾಡುವಿರಾ ಎಂದೆ. ಮಾಡ್ತೀವ್ರಿ, ಪೇಶಂಟ್ ವಯಸ್ಸೆಷ್ಟು ಎಂದರು. ಬೆಕ್ಕು ಎಂದೆ. "ಮುಂಜಾನಿ ಮುಂಜಾನಿ ಚ್ಯಾಷ್ಟಿ ಮಾಡಬ್ಯಾಡ್ರಿ ಮೇಡಂ" ಎಂದು ಫೋನಿಟ್ಟರು.

ಹೀಗಾಗಿ ಕಣ್ಣಿಗೆ ಕಂಡಷ್ಟಕ್ಕೆ ಚಿಕಿತ್ಸೆ ಶುರು ಮಾಡಿದೆ. ಚರ್ಮದಡಿ ಸಲೈನ್ ಕೊಟ್ಟೆ. ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ ಉಪ್ಪುನೀರಿನ ಹಬೆ ಬಿಟ್ಟೆ. ಎದೆಯಲ್ಲಿ ಕೀವು ಕಟ್ಟಬಾರದೆಂದು ಆ್ಯಂಟಿಬಯಾಟಿಕ್ ಹಾಕಿದೆ. ಮೂಗು ಕಟ್ಟದಂತೆ ಒದ್ದೆ ಅರಳೆಯಿಂದ ಒರೆಸುತ್ತಿದ್ದೆ. ಉಸಿರು ಸ್ವಲ್ಪ ಹಗುರಾಯಿತು, ಜ್ವರವೂ ಇಳಿಯತೊಡಗಿತು. ಆದರೆ ಬೆಕ್ಕು ತಿನ್ನಲಿಲ್ಲ.

ಡಬ್ಬಿಯ ಮೆತ್ತನೆಯ ಆಹಾರ ಇಟ್ಟೆ, ಮೂಸಲಿಲ್ಲ. ಮೊಟ್ಟೆಯ ಹಳದಿ, ಮೀನು ಕುದಿಸಿದ ನೀರು, ಬೆಚ್ಚಗಿನ ಹಾಲು, ಮೊಸರು ಎಲ್ಲ ಆಯಿತು. ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಹಾಕಿದರೆ ನೊರೆ ಕಾರಿ, ನನ್ನ ಮೊಣಕೈವರೆಗೆ ಗೀರಿ, ಮೂಲೆಗೆ ಮುಖ ಮಾಡಿ ಕೂತಿತು. ನಾಯಿ ಉಪವಾಸ ತಡೆಯುತ್ತದೆ, ಬೆಕ್ಕು ತಡೆಯುವುದಿಲ್ಲ. ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಯಕೃತ್ತೇ ಕೆಟ್ಟು ಸಾಯುತ್ತದೆ. ಫ್ಲೂ ಇದನ್ನು ಬಿಟ್ಟರೂ ಹಸಿವು ಬಿಡುವಂತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆ ಶುರುವಾದದ್ದು ಆಗ.

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ. ಗಿರಣಿ ಶುರುವಾದರೆ ಗೋಡೆ ನಡುಗುತ್ತಿತ್ತು. ಮೇಲೆ ಅಂಗೈಯಗಲದ ಗವಾಕ್ಷಿ, ಅದರಿಂದ ಜೋಳದ ಹಿಟ್ಟಿನ ಧೂಳು. ಬೆಕ್ಕು ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ. ಹೊರಗೆ ಪಂಜರಗಳಿಂದ ಕೂಗು. ಎದ್ದು ಹೋಗಲು ಎಲ್ಲಿಯೂ ಜಾಗವಿರಲಿಲ್ಲ, ಕರೆಯಲು ಯಾರೂ ಇರಲಿಲ್ಲ. ಈ ಕೆಲಸವನ್ನು ನಾನೇ ಬಯಸಿ ಆರಿಸಿಕೊಂಡೆನೆಂಬುದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು.

ಮೂರನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಒಡಕು ದನಿ.

"ಯವ್ವಾ, ನಾ ಬಬಲೇಶ್ವರದಿಂದ ಮಾತಾಡಾಕತ್ತೇನಿ. ಬೆಕ್ಕಿನವ್ವ. ನಮ್ಮ ಮೊಮ್ಮಗಳು ನಿನ್ನ ನಂಬರ ಕೊಟ್ಲು."

ಚಿಲಕ ಹಾಕಿದ ಕೋಣೆಯಿಂದ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಮಾತಾಡುತ್ತಿದ್ದಳು.

"ಹೇಳ ಆಯಿ."

"ಉಂಡೈತೇನು ಅದು?"

"ಇಲ್ಲ ಆಯಿ. ಏನ ಹಾಕಿದ್ರೂ ಒಲ್ಲೆ ಅಂತೈತಿ."

"ಏನೇನ ಹಾಕಿದಿ?"

ಪಟ್ಟಿ ಒಪ್ಪಿಸಿದೆ. ಆಯಿ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ನಾನು ಕಾದೆ. "ಅದನ್ನೆಲ್ಲಾ ಅದು ತಿಂತೈತೇನು? ಅದಕ್ಕ ಅಗದು ಹಾಕಬೇಕು ಯವ್ವಾ. ಹಲ್ಲೆಲ್ಲಿ ಅದಾವು ಅದಕ್ಕ? ಭಕ್ರಿ ಹಾಲಾಗ ಅದ್ದಿ, ನಾ ಬಾಯಾಗ ನುಣ್ಣಗ ಅಗದು ಅಂಗೈಯಾಗ ಹಿಡೀತೇನಿ. ಆಗ ನೆಕ್ಕತೈತಿ."

"ಜ್ವರ ಬಂದ ಮ್ಯಾಲೂ ಅಗದು ಹಾಕಿದಿಯೇನು?"

"ಮತ್ತ? ಜ್ವರ ನನಗ ಬಂದಿತ್ತು, ಹಸಿವಿ ಅದಕ್ಕಿತ್ತಲ್ಲ?"

ಯಾರು ಯಾರಿಗೆ ಸೀನಿದರು, ಯಾವ ಹೊದಿಕೆಯಲ್ಲಿ ಯಾರು ಮಲಗಿದರು ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ರೋಗ ಹೋದ ದಾರಿ ಇಷ್ಟು ನೇರವಾಗಿತ್ತು, ಆಯಿಯ ಬಾಯಿಂದ ಅಂಗೈಗೆ, ಅಂಗೈಯಿಂದ ಬೆಕ್ಕಿನ ಬಾಯಿಗೆ. ನಮ್ಮ ಕಡೆಯ ಮುದುಕಿಯರು ಕೂಸುಗಳಿಗೂ ಹೀಗೇ ಅಗಿದು ಹಾಕುತ್ತಿದ್ದರು. ಹಲ್ಲಿಲ್ಲದ್ದಕ್ಕೆ ಹಲ್ಲಿದ್ದವರು ಅಗಿದು ಕೊಡುವುದು ಅವರಿಗೆ ದೊಡ್ಡ ಸಂಗತಿಯೇ ಅಲ್ಲ. ಸಿಟ್ಟಾಗಬೇಕೆಂದುಕೊಂಡೆ, ಆಗಲಿಲ್ಲ.

"ನೀ ಉಂಡಿಯೇನು ಆಯಿ?"

"ನನ್ನ ಊಟದ ಮಾತ ಯಾಕ. ಕಿಟಕ್ಯಾಗ ತಾಟ ಇಟ್ಟು ಹೋಗತಾರ, ಹಂಗ ಒಯ್ಯತಾರ. ಭಕ್ರಿ ಮುರದ್ರ ಅದರದ ನೆನಪಾಗತೈತಿ."

ಗಿರಣಿ ಅಕ್ಕನಿಂದ ಬಿಸಿ ಭಕ್ರಿ, ಅಂದರೆ ಜೋಳದ ರೊಟ್ಟಿ, ಮಾಡಿಸಿ ತಂದೆ. ಹಾಲಿನಲ್ಲಿ ನೆನೆಸಿ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ, ಕೈಗವಸು ಹಾಕಿದ ಅಂಗೈಯಲ್ಲಿ ಹಿಡಿದೆ. ಬೆಕ್ಕು ಕತ್ತು ಚಾಚಿತು, ಮೂಸಿತು, ನನ್ನ ಮುಖ ನೋಡಿತು. ತಲೆ ತಿರುಗಿಸಿತು. ಮೂಗು ಕಟ್ಟಿದ್ದರೂ ಇದು ಆಯಿಯ ಕೈಯಲ್ಲವೆಂದು ಅದಕ್ಕೆ ಹೇಗೋ ಗೊತ್ತಾಗಿತ್ತು. ಉಳಿದದ್ದು ಒಂದೇ, ನಾನೇ ಅಗಿಯುವುದು. ಪಶುವೈದ್ಯ ಕಾಲೇಜಿನಲ್ಲಿ ನನಗೆ ಕಲಿಸಿದವರು ಯಾರಾದರೂ ನೋಡಿದ್ದರೆ ಪದವಿ ವಾಪಸು ಕೇಳುತ್ತಿದ್ದರು. ಆದರೂ ರೊಟ್ಟಿಯ ತುಂಡು ಬಾಯಿಗೆ ಹಾಕಿಕೊಂಡೆ.

ಅಗಿಯುತ್ತ ಎಂಜಲು ನುಂಗಿದಾಗ ಗಂಟಲು ಉರಿಯಿತು.

ಬೆಳಗಿನಿಂದಲೂ ಉರಿಯುತ್ತಿತ್ತು, ಗಿರಣಿಯ ಧೂಳಿಗೆ ಎಂದುಕೊಂಡಿದ್ದೆ. ಕಣ್ಣು ಭಾರ, ಬೆನ್ನಲ್ಲಿ ಚಳುಕು. ಬೆಕ್ಕಿಗೆ ಇಡುವ ಥರ್ಮಾಮೀಟರ್ ಬದಿಗಿಟ್ಟು ನನ್ನದನ್ನು ಹುಡುಕಿ ಕಂಕುಳಲ್ಲಿ ಇಟ್ಟುಕೊಂಡೆ. ಜ್ವರ. ಟವೆಲಿನವನ ಕೆಮ್ಮು ನೆನಪಾಯಿತು. ಬಾಯಲ್ಲಿದ್ದ ರೊಟ್ಟಿಯನ್ನು ಉಗುಳಿ, ಮಾಸ್ಕ್ ಏರಿಸಿ, ಬಕೆಟ್ಟಿನ ಮೇಲೆ ಕುಸಿದೆ. ಇಷ್ಟು ದಿನ ಬಚ್ಚಲೊಳಗಿನ ರೋಗ ಹೊರಗಿನ ಬೆಕ್ಕುಗಳಿಗೆ ಹೋಗಬಾರದೆಂದು ಏಪ್ರನ್, ಚಪ್ಪಲಿ, ಬ್ಲೀಚಿಂಗ್ ನೀರು ಎಂದು ಸರ್ಕಸ್ ಮಾಡಿದ್ದೆ. ಈಗ ಆ ರೋಗ ನಾನೇ ಆಗಿದ್ದೆ. ಪಂಜರದ ಪ್ರತಿಯೊಂದು ಬೆಕ್ಕಿಗೂ ನನಗಿಂತ ಅಪಾಯಕಾರಿಯಾದ ಪ್ರಾಣಿ ಆ ಕಟ್ಟಡದಲ್ಲಿರಲಿಲ್ಲ. ಅವಕ್ಕೆ ಉಣಿಸಲು ಇದ್ದವಳೂ ನಾನೊಬ್ಬಳೇ. ಜೋರಾಗಿ ಅಳಬೇಕೆನಿಸಿತು.

ಗಿರಣಿ ಅಕ್ಕನನ್ನು ಬಾಗಿಲಾಚೆಯಿಂದಲೇ ಕರೆದೆ. ಅವಳು ಮೊದಲೇ ಹಿಟ್ಟಿನ ಧೂಳಿಗೆಂದು ಮೂಗು ಬಾಯಿಗೆ ಸೆರಗು ಬಿಗಿದುಕೊಂಡೇ ಇರುವವಳು. ಪಂಜರದ ಬೆಕ್ಕುಗಳಿಗೆ ಯಾವುದಕ್ಕೆ ಏನು, ಎಷ್ಟು, ಹೇಗೆ ಎಂದು ದೂರ ನಿಂತು ಹೇಳಿದೆ. ಒಪ್ಪಿಕೊಂಡಳು. "ಮಂದಿ ಮುಂದ ಸೀನಬ್ಯಾಡ್ರಿ ಅಂದ್ರ ತಿಳೀತೈತಿ. ಬೆಕ್ಕಿನ ಮುಂದ ಸೀನಬಾರದಂತ ಇವತ್ತ ಕೇಳಿದೆ ನೋಡ್ರಿ" ಎಂದು ನಗುತ್ತಲೇ ಕೀಲಿಕೈ ತೆಗೆದುಕೊಂಡಳು. ನನ್ನ ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ಬಚ್ಚಲಲ್ಲಿದ್ದ ಇನ್ನರ್ಧ ಹಾಗೇ ಇತ್ತು.

ಅಷ್ಟರಲ್ಲಿ ತೋಟದಿಂದ ಮಗನ ಫೋನ್. ಹಿಂದೆ ಆಳುಗಳ ಗಲಾಟೆ.

"ಏನಾತ್ರಿ ಮೇಡಂ? ತಿನ್ನಾಕತ್ತೈತೇನು?"

"ಇಲ್ರಿ."

"ಹಂಗಾರ ಯಾಕ ಸುಮ್ನ ಕಾಡಸ್ತೀರಿ ಅದನ್ನ? ಸೂಜಿ ಮಾಡಿ ಮುಗಿಸ್ರಿ. ಅವ್ವಗ ನಾ ಹೇಳ್ತೇನಿ."

ಆ ಔಷಧ ಕಪಾಟಿನಲ್ಲಿತ್ತು. ಆಯ್ತು ಎನ್ನುವುದು ನಾಲಿಗೆ ತುದಿಗೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೈ ಕೈ ನೋವಿನಲ್ಲಿ ಯಾವ ಬಾಗಿಲು ಕಂಡರೂ ಅದು ಬಿಡುಗಡೆಯ ಬಾಗಿಲೇ ಅನಿಸುತ್ತದೆ. "ಸಂಜೀಕ ಹೇಳ್ತೇನ್ರಿ" ಎಂದು ಫೋನಿಟ್ಟೆ.

ಬಕೆಟ್ಟಿನ ಮೇಲೆ ಕೂತು ಬೆಕ್ಕನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಇಬ್ಬರೂ ಸೀನಿದೆವು. ಬೇರೆ ಹೊತ್ತಿನಲ್ಲಾದರೆ ನಕ್ಕುಬಿಡುತ್ತಿದ್ದೆ. ಆಗ ಒಂದು ಪ್ರಶ್ನೆ ಎದ್ದಿತು. ಇದನ್ನು ಆಯಿಯಿಂದ ನಾನು ದೂರ ಇಟ್ಟಿರುವುದು ಯಾಕೆ? ರೋಗ ಹತ್ತಬಾರದೆಂದು. ಆದರೆ ಹತ್ತಿಯಾಗಿದೆ. ಆಯಿಯಿಂದಲೇ ಹತ್ತಿದ್ದರೆ ಅದೇ ರೋಗ ಅವಳಿಂದ ಮತ್ತೆ ಹತ್ತುವ ಭಯವಿಲ್ಲ. ಒಂದು ವೇಳೆ ಇದು ಫ್ಲೂ ಅಲ್ಲ, ಬೆಕ್ಕುಗಳದೇ ನೆಗಡಿ ಎಂದರೆ ಆಯಿಗೆ ಅದು ತಾಗುವುದಿಲ್ಲ. ಜ್ವರ ಏರಿದ್ದ ದಿನಗಳಲ್ಲೇ ಅವಳ ಎಂಜಲು ತಿಂದು, ಅವಳ ಉಸಿರು ಕುಡಿದ ಬೆಕ್ಕಿಗೆ ಈಗ ಅವಳ ಹತ್ತಿರ ಹೊಸದಾಗಿ ಆಗುವ ಹಾನಿ ಏನೂ ಇರಲಿಲ್ಲ. ಹಾನಿ ಇದ್ದದ್ದು ನನ್ನ ಬಚ್ಚಲಲ್ಲಿ. ಬೇರೆ ಬೇರೆ ಇಟ್ಟು ನಾವು ಇಬ್ಬರನ್ನೂ ಉಪವಾಸ ಕೆಡವಿದ್ದೆವು. ಒಂದೇ ರೋಗದವರನ್ನು ಒಂದೇ ಕೋಣೆಯಲ್ಲಿ ಇಡುವುದು ಎಲ್ಲ ದವಾಖಾನೆಗಳಲ್ಲೂ ನಡೆಯುವ ಪದ್ಧತಿ. ಒಬ್ಬ ರೋಗಿಗೆ ಬಾಲವಿದೆ ಅನ್ನುವುದಷ್ಟೇ ವ್ಯತ್ಯಾಸ.

ಮಗನಿಗೆ ಫೋನ್ ಮಾಡಿದೆ. ಕೇಳಿ ಬೆಂಕಿಯಾದ. "ಮನ್ಯಾಗ ಹಸಿಗೂಸು ಐತ್ರಿ! ಜಡ್ಡ ಹತ್ತಿದ ಬೆಕ್ಕನ್ನ ತರ್ತೀನಿ ಅಂತೀರಲ್ಲ, ತಲಿ ನೆಟ್ಟಗೈತಿಲ್ರಿ?" ಎಂದ. ಕೂಸಿನ ಭಯ ಸುಳ್ಳಾಗಿರಲಿಲ್ಲ, ಅದಕ್ಕೆ ನಾನು ವಾದಿಸಲಿಲ್ಲ. ಆ ಕೋಣೆಯಲ್ಲಿ ಏನಿದೆಯೋ ಅದು ಈಗಾಗಲೇ ಇದೆ, ಬೆಕ್ಕು ಹೊಸತೇನೂ ತರುವುದಿಲ್ಲ, ಬಾಗಿಲು ಮುಚ್ಚಿರಬೇಕು ಅಷ್ಟೇ ಎಂದೆ. ಅವನು ಫೋನ್ ಕಡಿದ.

ಸ್ವಲ್ಪ ಹೊತ್ತಿಗೆ ಬಾಣಂತಿ ಫೋನ್ ಮಾಡಿದಳು. ಅಪ್ಪ ಅವಳ ಮೇಲೂ ರೇಗಾಡಿದ್ದನಂತೆ. ಅವಳದೂ ಒಂದು ಕೋಣೆ, ಅವಳಿಗೂ ಹೊರಗೆ ಬರುವಂತಿಲ್ಲ, ಗಾಳಿಗೆ ಕಿವಿ ಕಟ್ಟಿಕೊಂಡು ಕೂತವಳು.

"ಮೇಡಂರೀ, ಕೂಸಿನ ತಾಯಿ ನಾ ಅದೀನಿ. ನಾ ಹೇಳಾಕತ್ತೇನಿ, ತರ್ರಿ. ಆಯಿ ಊಟ ಬಿಟ್ಟಾಳ, ಗುಳಿಗಿ ಬರೇ ನೀರಾಗ ನುಂಗತಾಳ. ಆಯಿನ ಕೋಣಿಗೆ ಹಿತ್ತಲ ಕಡೆನೂ ಬಾಗಲಾ ಐತ್ರಿ. ಮನಿಯೊಳಗ ಕಾಲಿಡೂದ ಬ್ಯಾಡ. ನನ್ನ ಕೋಣಿ ಓಣಿ ಕಡೆ ಐತಿ. ಅಪ್ಪಗ ನಾ ಹೇಳತೇನಿ."

ಮಾ‌ಸ್ಕ್ ಹಾಕಿ, ಬೆಕ್ಕನ್ನು ಬುಟ್ಟಿಗೆ ಹಾಕಿ, ನನ್ನ ಹಳೆಯ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ ಹೊರಟೆ. ಜ್ವರದಲ್ಲಿ ಗಾಡಿ ಓಡಿಸಬಾರದೆಂದು ಗೊತ್ತಿತ್ತು, ಬೇರೆ ಯಾರನ್ನಾದರೂ ಕಾರಿನಲ್ಲಿ ಕೂರಿಸಿಕೊಳ್ಳುವುದು ಅದಕ್ಕಿಂತ ತಪ್ಪಾಗುತ್ತಿತ್ತು. ನಿಧಾನವಾಗಿ ಹೋದೆ. ಎರೆಹೊಲಗಳಲ್ಲಿ ಬಿಳಿಜೋಳದ ಬಿತ್ತನೆ ನಡೆದಿತ್ತು. ಡೋಣಿಯ ಸೇತುವೆ ಮೇಲೆ ಬಂದಾಗ ಹಿಂದಿನ ಸೀಟಿನಿಂದ ಸಣ್ಣ ಕೂಗು ಕೇಳಿತು. ಕ್ಲಿನಿಕ್ಕಿಗೆ ಬಂದಾಗಿನಿಂದ ಅದು ಬಾಯಿ ಬಿಟ್ಟದ್ದು ಅದೇ ಮೊದಲು. "ತಡಿ, ಬಿಟ್ಟು ಬರಾಕ ಹೊಂಟಿಲ್ಲ" ಎಂದೆ, ಅದಕ್ಕೆ ತಿಳಿಯುವಂತೆ.

ಹಿತ್ತಲಲ್ಲಿ ಮಗ ನಿಂತಿದ್ದ. ನನ್ನನ್ನು ನೋಡದೆ ಬಾಗಿಲ ಚಿಲಕ ತೆಗೆದು ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತ. ನಾನು ಹೊಸ್ತಿಲ ಒಳಗೆ ಬುಟ್ಟಿ, ಉಸುಕಿನ ತಟ್ಟೆ, ಔಷಧ ಸರಿಸಿ ಹಿಂದಕ್ಕೆ ಬಂದೆ. ಕಿಟಕಿಯ ಸರಳಿನಾಚೆ ಆಯಿಯನ್ನು ಮೊದಲ ಸಲ ನೋಡಿದೆ. ಹಿಡಿಯಷ್ಟು ಜೀವ, ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬುಟ್ಟಿ ತೆರೆದಳು. ಬೆಕ್ಕು ಹೊರಬಂದು, ಅವಳ ಕಡೆ ತಿರುಗಿಯೂ ನೋಡದೆ ಮಂಚದ ಕೆಳಗೆ ನುಗ್ಗಿ ಕೂತಿತು.

ಇಷ್ಟು ಮಾಡಿ ಇಲ್ಲಿಯೂ ಇದು ತಿನ್ನದಿದ್ದರೆ?

"ಸಿಟ್ಟ ಬಂದೈತಿ ಅದಕ್ಕ" ಎಂದಳು ಆಯಿ. "ಬರಬೇಕಲ್ಲ ಮತ್ತ. ಚೀಲದಾಗ ಕಟ್ಟಿದ್ರ ನನಗೂ ಬರ್ತಿತ್ತು." ಬೇವಿನ ಗಿಡದ ಬುಡದಲ್ಲಿದ್ದವನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

ಕಿಟಕಿಯಲ್ಲಿ ಬೆಳಗಿನ ತಾಟು ಮುಟ್ಟದೆ ಹಾಗೇ ಇತ್ತು. ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ, ಇದ್ದ ನಾಲ್ಕು ಹಲ್ಲಿನಲ್ಲಿ ಅಗಿದಳು. ಅಗಿಯುತ್ತ ಅಗಿಯುತ್ತ ನುಂಗಿಬಿಟ್ಟಳು. ತಾನೇ ಬೆರಗಾದವಳಂತೆ ನನ್ನ ಕಡೆ ನೋಡಿದಳು. "ನನಗೂ ಹಸಿದಿತ್ತ ನೋಡ ಯವ್ವಾ" ಎಂದಳು. ಇನ್ನೊಂದು ತುತ್ತು, ಅದೂ ಹೊಟ್ಟೆಗೆ ಹೋಯಿತು. ಆಮೇಲಿನದನ್ನು ಅಂಗೈಗೆ ತೆಗೆದು ಮಂಚದ ಕೆಳಗೆ ಹಿಡಿದು ನೆಲದ ಮೇಲೆ ಕೂತಳು. ಬಾ ಎನ್ನಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ, ಕೈ ಹಿಡಿದು ಕೂತಳು ಅಷ್ಟೇ. ಬಹಳ ಹೊತ್ತಾಯಿತು. ಕೈ ಸೋತಾಗ ಇನ್ನೊಂದು ಕೈಯಿಂದ ಆನಿಸಿ ಹಿಡಿದಳು.

ಮೊದಲು ಮೂಗು ಕಂಡಿತು. ಆಮೇಲೆ ನೆಕ್ಕುವ ಸದ್ದು ಕೇಳಿತು.

ನಾನು ಅತ್ತೆ. ಮಾಸ್ಕಿನೊಳಗೆ ಅಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ಬೆಕ್ಕಿನ ಸೀನು, ಆಯಿಯ ಕೆಮ್ಮು ಎರಡೂ ಪೂರ್ತಿ ನಿಲ್ಲುವತನಕ ಬಾಗಿಲು ತೆರೆಯಬಾರದು ಎಂದೆ. "ಹಾಕ್ರಿ ಚಿಲಕ" ಎಂದಳು ಆಯಿ ಒಳಗಿನಿಂದ, ಕತ್ತೆತ್ತದೆ.

ನನ್ನದೇ ಜ್ವರ ನನ್ನನ್ನು ಮನೆಯಲ್ಲಿ ಕೆಡವಿತು. ಗಿರಣಿ ಅಕ್ಕ ದಿನವೂ ಫೋನಿನಲ್ಲಿ ಪಂಜರದ ವರದಿ ಕೊಡುತ್ತಿದ್ದಳು, ಒಂದೂ ಸೀನಲಿಲ್ಲ. ಆಯಿಯೂ ಫೋನ್ ಮಾಡಿ ಬೆಕ್ಕು ಎಷ್ಟು ತುತ್ತು ತಿಂದಿತು, ಯಾವಾಗ ಮುಖ ತೊಳೆದುಕೊಂಡಿತು ಎಂದು ಹೇಳುತ್ತಿದ್ದಳು. ತಾನು ಉಂಡದ್ದನ್ನು ನಾನು ಕೇಳಿದರಷ್ಟೇ ಹೇಳುತ್ತಿದ್ದಳು. ಅದು ಫ್ಲೂವೇ ಆಗಿತ್ತೆಂದು ನಾನು ಇವತ್ತಿಗೂ ನೂರಕ್ಕೆ ನೂರು ಹೇಳಲಾರೆ, ಪರೀಕ್ಷೆ ಆಗಲೇ ಇಲ್ಲ. ಮನುಷ್ಯರಿಂದ ಬೆಕ್ಕಿಗೆ ಅದು ಹೋಗುವುದು ಅಪರೂಪ, ಆದರೆ ಹೋಗುತ್ತದೆ, ಮುದಿ ಬೆಕ್ಕಿನ ಎದೆಗಿಳಿದರೆ ಜೀವಕ್ಕೂ ಬರುತ್ತದೆ. ಈಗ ಸೀನುವ ಬೆಕ್ಕು ಬಂದರೆ ತಂದವರ ಮೂಗನ್ನೂ ನೋಡುತ್ತೇನೆ.

ನಾನು ಚೇತರಿಸಿಕೊಂಡ ಮೇಲೆ ಬಬಲೇಶ್ವರಕ್ಕೆ ಹೋದೆ. ಕೋಣೆಯ ಬಾಗಿಲು ತೆರೆದಿತ್ತು, ಆಯಿ ಹಿತ್ತಲ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದಳು, ಬೆಕ್ಕು ಪಕ್ಕದಲ್ಲಿತ್ತು. ಎದೆ ನೋಡಿದೆ, ಗರಗರ ಹೋಗಿತ್ತು. ತೂಕ ಇನ್ನೂ ಬರಬೇಕಿತ್ತು. ಮಗ ತೋಟಕ್ಕೆ ಹೊರಟವನು ಬಾಗಿಲ ಹತ್ತಿರ ನಿಂತಿದ್ದ.

"ಆಯಿ, ಒಂದು ಮಾತ ಕೇಳ" ಎಂದೆ. "ಇನ್ನ ಮುಂದ ನಿನಗ ನೆಗಡಿ ಬರಲಿ, ಜ್ವರ ಬರಲಿ, ಆರಾಮಾಗೂತನಾ ಬೆಕ್ಕಿಗೆ ಅಗದು ಹಾಕಬ್ಯಾಡ. ಹಾಸಿಗ್ಯಾಗ ತಗೋಬ್ಯಾಡ. ಈ ಸರತಿ ಉಳದೈತಿ, ಮತ್ತೊಂದ ಸರತಿ ತಡಕೊಳ್ಳೂದಿಲ್ಲ ಅದು."

ಆಯಿ ಬೆಕ್ಕಿನ ಬೆನ್ನು ಸವರಿದಳು.

"ಆತ ಬಿಡ ಯವ್ವಾ, ಹಾಕೂದಿಲ್ಲ. ಹಂಗಾರ ಆಗ ಅದಕ್ಕ ಅಗದು ಹಾಕಾವ್ರ ಯಾರು?"

ಮಿಕ್ಸಿಯಲ್ಲಿ ಅರೆದುದನ್ನು ಅದು ಮೂಸಿ ಬಿಟ್ಟದ್ದನ್ನು ನಾನೇ ನೋಡಿದ್ದೆ.

"ನಾ ಹಾಕತೇನಿ ತಗೋ ಯವ್ವಾ" ಎಂದ ಮಗ, ಬಾಗಿಲ ಹತ್ತಿರದಿಂದ, ಎತ್ತಲೋ ನೋಡುತ್ತ.

ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೊತ್ತ ಹೊಂಡೂದರಿಂದ ಮುಳಗೂತನಾ ನಿನ್ನ ಬಾಯಾಗ ಗುಟಕಾ. ನೀ ಅಗದು ಹಾಕಿದ್ರ ಬೆಕ್ಕು ಜ್ವರ ಇಲ್ಲದನ ಸಾಯತೈತಿ."

ಅವನು ಬೇವಿನ ಗಿಡದ ಆಚೆ ಹೋಗಿ ಬಾಯಲ್ಲಿದ್ದುದನ್ನು ಉಗುಳಿ, ನೀರಿನ ತೊಟ್ಟಿಯಿಂದ ತಂಬಿಗೆ ತುಂಬಿಕೊಂಡು ಬಾಯಿ ಮುಕ್ಕಳಿಸಿದ. ಆಯಿ ಅವನ ಕಡೆ ನೋಡದವಳಂತೆ ಕೂತಿದ್ದಳು. ಅವನು ಇನ್ನೊಂದು ತಂಬಿಗೆ ನೀರು ತುಂಬಿಕೊಂಡು ಮತ್ತೆ ಮುಕ್ಕಳಿಸತೊಡಗಿದ.